ಅಜ್ಜನ ಲೆಕ್ಕದ ಪುಸ್ತಕದಲ್ಲಿ ಕುವೈತ್ ದಿನಾರಿಗೆ 13-33 (13 ರೂಪಾಯಿ 33 ಪೈಸೆ), ಆಮೇಲೆ ಒಮ್ಮೆಲೇ 21 ರೂಪಾಯಿ. ಇದು ಸರಿಯಾ?

ಕಡಲತಡಿ:
ನನ್ನ ಅಜ್ಜ 1950ರ ದಶಕದ ಕೊನೆಯಿಂದ ಕುವೈತ್‌ನಲ್ಲಿ ಗೋದಾಮಿನ ಗುಮಾಸ್ತರಾಗಿದ್ದವರು. ಊರಿಗೆ ಕಳಿಸಿದ ಹಣವನ್ನೆಲ್ಲ ಒಂದು ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಮೊದಲ ಪುಟಗಳಲ್ಲಿ ದಿನಾರ್ ಎಂಬ ಮಾತೇ ಇಲ್ಲ, ಸಂಬಳವೂ ರೂಪಾಯಿಯಲ್ಲೇ. 1961ರಿಂದ 10 ದಿನಾರಿಗೆ 133-33 ಅಂತ ಬರುತ್ತದೆ. ವರ್ಷಗಟ್ಟಲೆ ಅದೇ ದರ, ಒಂದು ಪೈಸೆಯೂ ಅತ್ತಿತ್ತ ಇಲ್ಲ. 1966ರ ಜೂನ್‌ನಲ್ಲಿ ಅದೇ 10 ದಿನಾರಿಗೆ 210 ರೂಪಾಯಿ! ಕಮಿಷನ್ ಬೇರೆ ಕಾಲಂನಲ್ಲಿ ಉಂಟು, ಹಾಗಾಗಿ ಅದೂ ಕಾರಣವಲ್ಲ. ಮನೆಯಲ್ಲಿ ಎಲ್ಲರೂ ಅಜ್ಜ ಎಲ್ಲೋ ತಪ್ಪಿದ್ದಾರೆ ಅಂತಾರೆ. ನನಗೆ ನಂಬಿಕೆ ಬರುವುದಿಲ್ಲ. ತಿಳಿದವರು ಹೇಳಿ.

ಹಳೇ ಕೌಂಟರ್:
ನಿಮ್ಮ ಅಜ್ಜ ಒಂದು ಪೈಸೆಯೂ ತಪ್ಪಿಲ್ಲ. ನಾನು ಕುವೈತಿನ ಎಕ್ಸ್‌ಚೇಂಜ್ ಕೌಂಟರಿನಲ್ಲೇ ಕೂದಲು ಹಣ್ಣು ಮಾಡಿಕೊಂಡವನು. ಇಂಥ ಪುಸ್ತಕ ಉಳಿದಿದೆ ಎಂದು ಕೇಳಿ ಬಹಳ ಸಂತೋಷವಾಯಿತು.

1961ರ ಏಪ್ರಿಲ್ 1ರವರೆಗೆ ಕುವೈತಿಗೆ ಸ್ವಂತ ಹಣವೇ ಇರಲಿಲ್ಲ, ಅಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ. ಅಂದು ದಿನಾರ್ ಬಂತು. ಅದಕ್ಕೆ ಕೊಟ್ಟ ಬೆಲೆ ಒಂದು ಬ್ರಿಟಿಷ್ ಪೌಂಡಿನಷ್ಟೇ. ಪೌಂಡಿಗೂ ರೂಪಾಯಿಗೂ ಇದ್ದ ಲೆಕ್ಕ ಇನ್ನೂ ಹಳೆಯದು. 1927ರಲ್ಲಿ, ರೂಪಾಯಿಯ ವಿಚಾರಕ್ಕೆಂದು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಿಲ್ಟನ್ ಯಂಗ್ ಆಯೋಗದ ಮಾತಿನಂತೆ ಒಂದು ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್, ಅಂದರೆ 18 ಪೆನ್ಸ್, ಎಂದು ನಿಗದಿಯಾಯಿತು. ಆಗ ಪೌಂಡಿಗೆ 240 ಪೆನ್ಸ್. 240ನ್ನು 18ರಿಂದ ಭಾಗಿಸಿ ನೋಡಿ, ನಿಮ್ಮ 13-33 ಬರುತ್ತದೆ. ಆ ಆಯೋಗದಲ್ಲಿ ಮುಂಬೈಯ ಉದ್ಯಮಿ ಪುರುಷೋತ್ತಮದಾಸ್ ಠಾಕೂರ್‌ದಾಸ್ ಒಬ್ಬರೇ, ರೂಪಾಯಿಯನ್ನು ಇಷ್ಟು ಏರಿಸಿದರೆ ನಮ್ಮ ರೈತರಿಗೂ ರಫ್ತಿಗೂ ಪೆಟ್ಟು, 1 ಶಿಲಿಂಗ್ 4 ಪೆನ್ಸೇ ಇರಲಿ ಎಂದು ವಿರೋಧ ಬರೆದರು. ಅವರ ಮಾತು ನಡೆಯಲಿಲ್ಲ. 1949ರಲ್ಲಿ ಪೌಂಡಿನ ಬೆಲೆ ಇಳಿಸಿದಾಗ ನಾವೂ ಅಷ್ಟೇ ಇಳಿಸಿದ್ದರಿಂದ ಡಾಲರಿನ ಎದುರು ಎರಡೂ ಬಿದ್ದವು, ತಮ್ಮೊಳಗಿನ ದರ ಮಾತ್ರ ಕದಲಲಿಲ್ಲ. ಸುಮಾರು ನಲವತ್ತು ವರ್ಷ ನಿಂತ ದರ ಅದು.

1966ರ ಜೂನ್ 6ಕ್ಕೆ ಅದು ಮುರಿಯಿತು. 1965ರ ಯುದ್ಧ, ನಿಂತ ವಿದೇಶಿ ನೆರವು, ಬರಗಾಲ, ಮೇಲೆ ವಿಶ್ವ ಬ್ಯಾಂಕಿನ ಒತ್ತಡ. ಇಂದಿರಾ ಗಾಂಧಿ ಸರ್ಕಾರ ಡಾಲರಿನ ಬೆಲೆಯನ್ನು 4.76ರಿಂದ 7.50ಕ್ಕೆ ಏರಿಸಿತು. ಅಂದು ಒಂದು ದಿನಾರಿಗೆ 2.80 ಡಾಲರ್. 7.50ನ್ನು 2.80ರಿಂದ ಗುಣಿಸಿದರೆ ಸರಿಯಾಗಿ 21. ಪತ್ರಿಕೆಗಳಲ್ಲಿ ಶೇ 36.5 ಅಪಮೌಲ್ಯ ಎಂದು ಓದಿದವರಿಗೆ, ದಿನಾರಿಗೆ ಶೇ 57.5 ಹೆಚ್ಚು ಹೇಗೆ ಬಂತು ಎಂದು ಗೊಂದಲವಾಗುತ್ತದೆ. ಒಂದೇ ಘಟನೆಯನ್ನು ಎರಡು ದಿಕ್ಕಿನಿಂದ ಅಳೆದಾಗ ಬರುವ ವ್ಯತ್ಯಾಸ ಅದು: ಡಾಲರಿನಲ್ಲಿ ಅಳೆದರೆ ರೂಪಾಯಿ ಶೇ 36.5 ಇಳಿಯಿತು, ರೂಪಾಯಿಯಲ್ಲಿ ಅಳೆದರೆ ದಿನಾರ್ ಶೇ 57.5 ಏರಿತು.

1967ರ ನವೆಂಬರ್ ಪುಟವನ್ನೂ ನೋಡಿ. ಆಗ ಪೌಂಡ್ ಒಂದೇ ಬಿತ್ತು, 21ರಿಂದ 18 ರೂಪಾಯಿಗೆ. ಕುವೈತೂ ಇಳಿಸಲಿಲ್ಲ, ನಾವೂ ಇಳಿಸಲಿಲ್ಲ. ಹಾಗಾಗಿ ಅಜ್ಜನ ದಿನಾರ್ 21ರಲ್ಲೇ ನಿಂತಿರಬೇಕು.

ನೋಟು ಸಂಗ್ರಹ:
ಮೇಲಿನವರು ಹೇಳಿದ 'ನಮ್ಮ ರೂಪಾಯಿ' ಎಂಬುದಕ್ಕೆ ಒಂದು ಸೇರಿಸುತ್ತೇನೆ. 1959ರಿಂದ ಅಲ್ಲಿ ಓಡಿದ್ದು ಕೊಲ್ಲಿ ದೇಶಗಳಿಗೆಂದೇ ರಿಸರ್ವ್ ಬ್ಯಾಂಕ್ ಹೊರಡಿಸಿದ ನೋಟು. ಬಣ್ಣ ಬೇರೆ, ನಂಬರಿನ ಮುಂದೆ ಝಡ್ ಅಕ್ಷರ. ಕಾರಣ ಚಿನ್ನ. ಇಲ್ಲಿಂದ ರೂಪಾಯಿ ನೋಟು ಕದ್ದು ಒಯ್ದು ಅಲ್ಲಿ ಬಿಸ್ಕತ್ತು ಕೊಳ್ಳುವುದು, ಅದನ್ನು ನಮ್ಮ ಕರಾವಳಿಯಲ್ಲಿ ಇಳಿಸುವುದು. ಆ ನೋಟುಗಳು ಅಲ್ಲಿನ ಬ್ಯಾಂಕುಗಳ ಮೂಲಕ ತಿರುಗಿ ಬಂದಾಗ ರಿಸರ್ವ್ ಬ್ಯಾಂಕ್ ಬದಲಿಗೆ ಪೌಂಡ್ ಕೊಡಬೇಕಿತ್ತು. ಕಳ್ಳಸಾಗಣೆಯ ಚಿನ್ನಕ್ಕೆ ದೇಶದ ವಿದೇಶಿ ವಿನಿಮಯ ಸೋರುತ್ತಿತ್ತು. ನೋಟನ್ನೇ ಬೇರೆ ಮಾಡಿದ್ದು ಅದಕ್ಕಾಗಿ. ಅಜ್ಜನ ಪೆಟ್ಟಿಗೆಯಲ್ಲಿ ಅಂಥದ್ದು ಸಿಕ್ಕರೆ ದಯವಿಟ್ಟು ಜೋಪಾನ, ಮಡಚಬೇಡಿ.

ಕಡಲತಡಿ:
ತುಂಬ ಧನ್ಯವಾದ, ಇವತ್ತೇ ಮನೆಯವರಿಗೆ ಓದಿ ಹೇಳುತ್ತೇನೆ. ಇನ್ನೊಂದು ಕೇಳಬಹುದಾ ಸಾರ್? ಈಗ ದಿನಾರ್ 270 ರೂಪಾಯಿಯ ಮೇಲೆ ಉಂಟು, ದುಬೈ ದಿರ್ಹಂ ಇಪ್ಪತ್ತಮೂರರ ಮೇಲೆ. ಕುವೈತಿನ ಹಣ ಅಷ್ಟು ಗಟ್ಟಿಯಾ?

ಹಳೇ ಕೌಂಟರ್:
ಇದನ್ನು ಕೌಂಟರಿನಲ್ಲಿ ಎಷ್ಟೋ ಹುಡುಗರು ಕೇಳುತ್ತಿದ್ದರು. ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಹಣ ಗಟ್ಟಿ ಎಂದಲ್ಲ. ಹುಟ್ಟುವಾಗ ಎಷ್ಟರ ಅಳತೆ ಇಟ್ಟುಕೊಂಡರು ಎಂಬುದಷ್ಟೇ. ಕುವೈತ್ ಪೌಂಡಿನ ಅಳತೆ ಹಿಡಿಯಿತು. ಬಹ್ರೇನ್ 1965ರಲ್ಲಿ ಹತ್ತು ರೂಪಾಯಿಗೆ ಒಂದು ದಿನಾರ್ ಮಾಡಿತು. ಕತಾರ್ ಮತ್ತು ದುಬೈ 1966ರಲ್ಲಿ ನಮ್ಮ ಅಪಮೌಲ್ಯ ಆದ ಮೇಲೆ ರೂಪಾಯಿ ಬಿಟ್ಟು ಸ್ವಂತ ರಿಯಾಲ್ ತಂದವು. ಆ ರಿಯಾಲಿನ ಬೆಲೆ ಅಪಮೌಲ್ಯಕ್ಕೆ ಮುಂಚಿನ ಒಂದು ರೂಪಾಯಿ. 1973ರಲ್ಲಿ ದುಬೈಯಲ್ಲಿ ಅದೇ ರಿಯಾಲಿಗೆ ಒಂದಕ್ಕೊಂದರಂತೆ ಬದಲಾಗಿ ಬಂದದ್ದು ದಿರ್ಹಂ.

ಅಂದರೆ ದಿರ್ಹಂ ನಮ್ಮ ಹಳೇ ರೂಪಾಯಿಯ ಮಗ. ಇಂದು ಆ ಒಂದಕ್ಕೆ ನಾವು ಇಪ್ಪತ್ತಮೂರಕ್ಕಿಂತ ಹೆಚ್ಚು ಕೊಡುತ್ತಿದ್ದೇವೆ. ದಿನಾರೂ 13-33ರಿಂದ ಇಪ್ಪತ್ತು ಪಟ್ಟಿಗಿಂತ ಹೆಚ್ಚಾಗಿದೆ. ಎರಡರ ಏರಿಕೆ ಹೆಚ್ಚುಕಡಿಮೆ ಒಂದೇ. ಇನ್ನೊಂದು ಗಮನಿಸಿ: ಅಂದು ದಿನಾರಿಗೆ 2.80 ಡಾಲರ್, ಈಗ 3.25ರ ಆಸುಪಾಸು. ಅರವತ್ತು ವರ್ಷದಲ್ಲಿ ಅಷ್ಟೇ. ಏರಿದ್ದು ದಿನಾರ್ ಅಲ್ಲ, ಇಳಿದದ್ದು ರೂಪಾಯಿ. ಗಲ್ಫ್ ದುಡ್ಡು ಏರಿತು ಎಂದು ಮನೆಗಳಲ್ಲಿ ಹಿಗ್ಗುವಾಗ ನನಗೆ ಸಂಕಟವಾಗುತ್ತಿತ್ತು. ಹೆಚ್ಚು ಬಂದ ರೂಪಾಯಿಯ ಬಹುಪಾಲನ್ನು ಇಲ್ಲಿನ ಅಕ್ಕಿ, ಸಿಮೆಂಟಿನ ಬೆಲೆ ಆಗಲೇ ತಿಂದಿರುತ್ತಿತ್ತು.

ಮರಳಿ ಬಂದವಳು:
ಅಣ್ಣಾ, 1990 ಬಿಟ್ಟುಬಿಟ್ಟಿರಿ. ಆಗಸ್ಟ್ 2ಕ್ಕೆ ಇರಾಕ್ ನುಗ್ಗಿದ ಮೇಲೆ ನಮ್ಮ ಕೈಯಲ್ಲಿದ್ದ ದಿನಾರಿಗೆ ದರವೇ ಇರಲಿಲ್ಲ. ಅವರು ಅದನ್ನು ಇರಾಕಿ ದಿನಾರಿಗೆ ಸಮ ಎಂದರು, ಆಮೇಲೆ ಚಲಾವಣೆಯನ್ನೇ ನಿಲ್ಲಿಸಿದರು. ಜೋರ್ಡಾನಿನ ಅಮ್ಮಾನ್‌ನಲ್ಲಿ ವಿಮಾನಕ್ಕೆ ಕಾಯುವಾಗ ನಮ್ಮ ಯಜಮಾನರು ನೋಟು ಚಾಚಿದರೆ ಅಂಗಡಿಯವರು ತಲೆ ಅಲ್ಲಾಡಿಸುತ್ತಿದ್ದರು.

ಹಳೇ ಕೌಂಟರ್:
ನಿಜ ತಂಗಿ, ಬಿಡಬಾರದಿತ್ತು. ಲೂಟಿಯಾದ ನೋಟುಗಳ ಸರಣಿಯನ್ನು ಕುವೈತ್ ರದ್ದು ಮಾಡಿ, 1991ರ ಮಾರ್ಚ್‌ನಲ್ಲಿ ಹೊಸ ನೋಟು ತಂದಿತು. ಅದೇ ಯುದ್ಧದಿಂದ ಎಣ್ಣೆ ಬೆಲೆ ಏರಿ, ನಿಮ್ಮಂಥವರು ಕಳಿಸುತ್ತಿದ್ದ ಹಣವೂ ನಿಂತು, ಇಲ್ಲಿ ವಿದೇಶಿ ವಿನಿಮಯ ಬರಿದಾಯಿತು. 1991ರ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಇಳಿಸಿದರು, ಚಿನ್ನವನ್ನೂ ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಅಡವಿಟ್ಟರು. 1993ರಿಂದ ದರ ಮಾರುಕಟ್ಟೆಗೇ ಬಿಟ್ಟದ್ದು. ಆಮೇಲೆ ನಮ್ಮ ಕೌಂಟರಿನ ಬೋರ್ಡಿನಲ್ಲಿ ರೂಪಾಯಿಯ ದರವನ್ನು ದಿನಕ್ಕೆ ಹಲವು ಸಲ ಒರೆಸಿ ಬರೆಯಬೇಕಾಯಿತು.