ದೇವಸ್ಥಾನದಲ್ಲಿ 48 ದಿನ ಇದ್ದರೆ ಮಾತ್ರೆ ಬಿಡಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ 24 ವರ್ಷ. ಯಾರೋ ಬೈಯುತ್ತಿದ್ದಾರೆ ಅಂತ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತುಬಿಡುತ್ತಿದ್ದ. ಐದು ತಿಂಗಳಿಂದ ಮಾತ್ರೆ ತಗೊಳ್ಳುತ್ತಿದ್ದಾನೆ. ಈಗ ಊಟ, ನಿದ್ದೆ ಸರಿಯಾಗಿದೆ. ಅಮ್ಮ ಹರಕೆ ಹೊತ್ತಿದ್ದಾರೆ. ಒಂದು ದೇವಸ್ಥಾನದಲ್ಲಿ 48 ದಿನ ಇರಬೇಕಂತೆ, ಮಾತ್ರೆ ಮುಟ್ಟಬಾರದಂತೆ. ಬೇಡ ಅಂದರೆ ಅಮ್ಮ ಅಳುತ್ತಾರೆ. ಏನು ಮಾಡಲಿ?

ಉತ್ತರ (ಮನೋವೈದ್ಯ): ಹರಕೆ ಬೇಡ ಅನ್ನಬೇಡಿ. ಮಾತ್ರೆಯನ್ನೂ ಬಿಡಿಸಬೇಡಿ.

ದೇವಸ್ಥಾನದಲ್ಲಿ ಇದ್ದರೆ ಹಗುರಾಗುವುದು ಸುಳ್ಳಲ್ಲ. ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ 31 ಜನರನ್ನು ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಜೊತೆಯವರು 2000ದಲ್ಲಿ ಪರೀಕ್ಷಿಸಿದ್ದರು. ಸರಾಸರಿ ಆರು ವಾರ ಇದ್ದವರಲ್ಲಿ ಕಾಯಿಲೆಯ ಲಕ್ಷಣಗಳ ಅಂಕ ಸುಮಾರು ಶೇ. 20 ಇಳಿದಿತ್ತು. ಅಲ್ಲಿ ವಿಶೇಷ ಮಂತ್ರವಾದ ಏನೂ ಇರಲಿಲ್ಲ. ಬೆಳಗ್ಗೆ ಸಣ್ಣ ಪೂಜೆ. ಆಮೇಲೆ ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು. ಪಕ್ಕದಲ್ಲಿ ಮನೆಯವರೊಬ್ಬರು. ನನ್ನ ಮಟ್ಟಿಗೆ ಅಲ್ಲಿನ ಔಷಧಿ ಇದೇ: ಮಾಡಲು ಒಂದು ಕೆಲಸ, ಜೊತೆಗೆ ತನ್ನವರು.

ಆದರೆ ಅದು ಚಿಕ್ಕ ಅಧ್ಯಯನ. ಅದನ್ನು ನಂಬಿ ಮಾತ್ರೆ ಬಿಡುವ ಹಾಗಿಲ್ಲ. ಬಿಟ್ಟ ಮೊದಲ ವಾರ ಸಾಮಾನ್ಯವಾಗಿ ಎಲ್ಲ ಚೆನ್ನಾಗೇ ಕಾಣುತ್ತದೆ, ಜನ ಮೋಸ ಹೋಗುವುದೇ ಅಲ್ಲಿ. ಕೆಲವು ವಾರವೋ, ಕೆಲವು ತಿಂಗಳೋ ಆದ ಮೇಲೆ ಬಹಳ ಜನರಿಗೆ ಆ ಬೈಯುವ ದನಿಗಳು ವಾಪಸ್ ಬರುತ್ತವೆ.

ಇನ್ನೊಬ್ಬರು: ನಮ್ಮ ಸಂಬಂಧಿಕರೊಬ್ಬರನ್ನು ಇಂಥ ಒಂದು ಕಡೆ ಕಾಲಿಗೆ ಸರಪಳಿ ಹಾಕಿ ಇಟ್ಟಿದ್ದರು. ಹೆದರಿಕೆ ಆಗುತ್ತೆ ಸರ್.

ಉತ್ತರ: ಹೆದರಲೇಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬರುವವರನ್ನು ಇಟ್ಟುಕೊಳ್ಳುತ್ತಿದ್ದ ಒಂದು ಆಶ್ರಮಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು, ಒಟ್ಟು 28 ಜನ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಕಟ್ಟುತ್ತಾರೆ ಅಂತ ಗೊತ್ತಾದರೆ ಅಲ್ಲಿ ಒಂದು ರಾತ್ರಿಯೂ ಅವರನ್ನು ಬಿಟ್ಟು ಬರಬೇಡಿ.

ಪ್ರಶ್ನೆ ಕೇಳಿದವರು: ಪೂಜಾರಿಗಳು ಮಾತ್ರೆಗೆ ಒಪ್ಪದಿದ್ದರೆ?

ಉತ್ತರ: ಕೇಳಿ ನೋಡಿ, ಎಷ್ಟೋ ಜನ ಒಪ್ಪುತ್ತಾರೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದರ್ಗಾ ನೋಡಿಕೊಳ್ಳುವ ಮುಜಾವರರೇ ಭಕ್ತರನ್ನು ಅಲ್ಲಿನ ಡಾಕ್ಟರ ಹತ್ತಿರ ಕಳಿಸುವ ಏರ್ಪಾಟು ಬಂತು, ದುವಾ ಜೊತೆಗೆ ದವಾ, ಅಂದರೆ ಪ್ರಾರ್ಥನೆ ಜೊತೆಗೆ ಔಷಧಿ. ಒಪ್ಪದಿದ್ದರೆ ಬೇರೆ ದೇವಸ್ಥಾನ ನೋಡಿ, ದೇವರು ಅಲ್ಲೂ ಇದ್ದಾನೆ ಅಂತ ಅಮ್ಮನಿಗೆ ಹೇಳಿ.

ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಅಷ್ಟೂ ದಿನಕ್ಕೆ ಮಾತ್ರೆ ಬರೆಸಿಕೊಳ್ಳಿ. ಮಧ್ಯೆ ಏನಾದರೂ ಅನುಮಾನ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಮಂಗಳಾರತಿ ಆದಮೇಲೆ ಪ್ರಸಾದದ ಜೊತೆ ಮಾತ್ರೆಯನ್ನೂ ಅಮ್ಮನ ಕೈಯಿಂದಲೇ ಕೊಡಿಸಿ.