ಸ್ಮಾರ್ಟ್ ಬೋರ್ಡ್ ಇಷ್ಟವೆನ್ನುವ ಮಕ್ಕಳಿಗೆ ಕಲಿಯುವ ಹಂಬಲವೂ ಹೆಚ್ಚೇ?

ಪ್ರಶ್ನೆ (ಎಂ.ಎಡ್. ವಿದ್ಯಾರ್ಥಿ):
ನನ್ನ ಪ್ರಬಂಧಕ್ಕಾಗಿ ಎರಡು ಪ್ರೌಢಶಾಲೆಗಳ ಒಂಬತ್ತನೆಯ ತರಗತಿಯ ಮಕ್ಕಳಿಂದ ಎರಡು ಪ್ರಶ್ನಾವಳಿಗಳನ್ನು ತುಂಬಿಸಿದ್ದೇನೆ. ಒಂದು ಡಿಜಿಟಲ್ ತರಗತಿಯ ಬಗೆಗಿನ ಅಭಿಪ್ರಾಯವನ್ನು ಅಳೆಯುತ್ತದೆ, ಇನ್ನೊಂದು ಕಲಿಕಾ ಪ್ರೇರಣೆಯನ್ನು. ಮೊದಲನೆಯದರಲ್ಲಿ ಹೆಚ್ಚು ಅಂಕ ಬಂದವರಿಗೆ ಎರಡನೆಯದರಲ್ಲೂ ಹೆಚ್ಚು ಬಂದಿದೆ. ಹಾಗಾದರೆ ಡಿಜಿಟಲ್ ತರಗತಿಯಿಂದ ಪ್ರೇರಣೆ ಹೆಚ್ಚುತ್ತದೆ ಎಂದು ಬರೆಯಬಹುದೇ? ಮಾರ್ಗದರ್ಶಕರು ಒಪ್ಪುತ್ತಿಲ್ಲ, ಏಕೆಂದು ಬಿಡಿಸಿ ಹೇಳಲು ಅವರಿಗೆ ಪುರುಸೊತ್ತೂ ಇಲ್ಲ.

ಉತ್ತರ 1 (ನಿವೃತ್ತ ಉಪನ್ಯಾಸಕ):
ಅವರು ಒಪ್ಪದಿರುವುದು ಸರಿಯಾಗಿಯೇ ಇದೆ. ಓದಿನಲ್ಲಿ ಮೊದಲೇ ಆಸಕ್ತಿಯಿರುವ ಮಗು ಕರಿಹಲಗೆಯನ್ನೂ ಮೆಚ್ಚುತ್ತದೆ, ಪರದೆಯನ್ನೂ ಮೆಚ್ಚುತ್ತದೆ. ನೀವು ಕಂಡ ಸಹಸಂಬಂಧಕ್ಕೆ, ಅಂದರೆ ಎರಡೂ ಅಂಕಗಳು ಜೊತೆಯಾಗಿ ಏರುವುದಕ್ಕೆ, ಅಷ್ಟೇ ಸಾಕು. ಅಲ್ಲದೆ ಒಂದೇ ದಿನ, ಒಂದೇ ಕೈಯಿಂದ, ಶಿಕ್ಷಕರು ಎದುರಿಗೆ ನಿಂತಿರುವಾಗ ಎರಡೂ ಹಾಳೆಗಳನ್ನು ತುಂಬಿದ ಮಗು 'ಸಂಪೂರ್ಣವಾಗಿ ಒಪ್ಪುತ್ತೇನೆ' ಎಂಬ ಕಡೆಗೇ ಸಾಲಾಗಿ ಗುರುತು ಹಾಕುತ್ತಾ ಹೋಗಿರಬಹುದು. 1983ರಲ್ಲಿಯೇ ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ ಬೋಧನಾ ಮಾಧ್ಯಮವನ್ನು ದಿನಸಿ ಸಾಗಿಸುವ ಲಾರಿಗೆ ಹೋಲಿಸಿ, ಲಾರಿಯಿಂದ ಪೌಷ್ಟಿಕತೆ ಬದಲಾಗದು ಎಂದು ವಾದಿಸಿದ್ದರು. ಆ ಮಾತು ಸ್ವಲ್ಪ ಅತಿಯಾಯಿತೆಂದು ನನಗನ್ನಿಸುತ್ತದೆ, ಆದರೆ ಹೊಸ ಉಪಕರಣ ಬಂದ ಮೊದಲ ತಿಂಗಳುಗಳ ಉತ್ಸಾಹ ಹೊಸತನದ್ದೇ ಆಗಿರಬಹುದೆಂಬ ಅವರ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಆ ಶಾಲೆಗಳಿಗೆ ಬೋರ್ಡ್ ಬಂದು ಎಷ್ಟು ಕಾಲವಾಯಿತು?

ಉತ್ತರ 2 (ಗಣಿತ ಶಿಕ್ಷಕಿ):
'ಡಿಜಿಟಲ್ ತರಗತಿ' ಎಂಬುದು ಒಂದೇ ವಸ್ತುವಲ್ಲ. ಅರ್ಧವೃತ್ತದಲ್ಲಿನ ಕೋನದ ಪ್ರಮೇಯಕ್ಕೆ ಮೊದಲು ನಾನು ಸಿದ್ಧ ವಿಡಿಯೊ ತೋರಿಸುತ್ತಿದ್ದೆ. ಮಕ್ಕಳು ಸದ್ದಿಲ್ಲದೆ ನೋಡುತ್ತಿದ್ದರು, ಅದನ್ನೇ ಆಸಕ್ತಿಯೆಂದು ತಿಳಿದಿದ್ದೆ. ಆಮೇಲೊಮ್ಮೆ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ತೆರೆದು, ಎಂದೂ ಕೈ ಎತ್ತದ ಹುಡುಗನೊಬ್ಬನನ್ನು ಕರೆದು, ವೃತ್ತದ ಮೇಲಿನ ಬಿಂದುವನ್ನು ಎಳೆಯಲು ಹೇಳಿದೆ. ಎಲ್ಲಿಗೆ ಎಳೆದರೂ, ಆ ಬಿಂದುವಿನಿಂದ ವ್ಯಾಸದ ಎರಡೂ ತುದಿಗಳಿಗೆ ಎಳೆದ ಗೆರೆಗಳ ನಡುವಿನ ಕೋನ 90 ಡಿಗ್ರಿಯಿಂದ ಕದಲಲಿಲ್ಲ. ವ್ಯಾಸದ ತುದಿಯವರೆಗೂ ಒಯ್ದು ನೋಡಿ, 'ಮಿಸ್, ಇದು ಯಾಕೆ ಬಗ್ಗಲ್ಲ?' ಎಂದ. ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತದ ಪ್ರಕಾರ ಆಂತರಿಕ ಪ್ರೇರಣೆಗೆ ಸ್ವಾಯತ್ತತೆ, ಸಾಮರ್ಥ್ಯದ ಅನುಭವ, ಬಾಂಧವ್ಯ ಎಂಬ ಮೂರು ಅಗತ್ಯಗಳು ಈಡೇರಬೇಕು. ವಿಡಿಯೊದಲ್ಲಿ ಮೊದಲೆರಡಕ್ಕೆ ಎಡೆಯೇ ಇರಲಿಲ್ಲ. 'ನನಗೆ ಸ್ಮಾರ್ಟ್ ಕ್ಲಾಸ್ ಇಷ್ಟ' ಎಂಬ ಹೇಳಿಕೆಗೆ ಎರಡೂ ದಿನ ಆ ಹುಡುಗ ಒಂದೇ ಉತ್ತರ ಕೊಡುತ್ತಿದ್ದನೇನೋ.

ಇನ್ನೊಂದು ಮಾತು. ನಮ್ಮಲ್ಲಿ ಕಿಟಕಿಯ ಬದಿಯ ಸಾಲಿನವರಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಬೆಳ್ಳಗೆ ಹೊಳೆಯುತ್ತದೆಯೇ ಹೊರತು ಅಕ್ಷರ ಕಾಣುವುದಿಲ್ಲ. ಅಂಥವರ ಅಸಮಾಧಾನವನ್ನು ತಂತ್ರಜ್ಞಾನದ ಬಗೆಗಿನ ನಕಾರಾತ್ಮಕ ಮನೋಭಾವವೆಂದು ಬರೆದುಬಿಡಬೇಡಿ.

ಪ್ರಶ್ನೆ ಕೇಳಿದವರು:
ಬೋರ್ಡ್ ಬಂದದ್ದು ಈ ವರ್ಷವೇ. ಹೇಳಿಕೆಗಳನ್ನು ಮತ್ತೆ ತೆಗೆದು ನೋಡಿದೆ. ಬಹುಪಾಲು ಇಷ್ಟಾನಿಷ್ಟವನ್ನೇ ಕೇಳುತ್ತವೆ, ಬೋರ್ಡನ್ನು ತಾನೇ ಮುಟ್ಟಿ ಕೆಲಸ ಮಾಡಿದ್ದುಂಟೇ ಎಂದು ಕೇಳುವ ಒಂದು ಸಾಲೂ ಇಲ್ಲ. 'ಹೆಚ್ಚಿಸುತ್ತದೆ' ಎಂಬಲ್ಲಿ 'ಸಂಬಂಧವಿದೆ' ಎಂದು ತಿದ್ದುತ್ತೇನೆ. ಪ್ರಶ್ನಾವಳಿಯನ್ನು ಪರಿಷ್ಕರಿಸಿ ಇನ್ನೊಮ್ಮೆ ತುಂಬಿಸಬಹುದೇ?

ಉತ್ತರ 1:
ತುಂಬಿಸಿ, ಆದರೆ ವರ್ಷದ ಕೊನೆಗೆ, ಮತ್ತು ಅದೇ ಮಕ್ಕಳಿಂದ. ಹೆಸರಿನ ಬದಲು ಸಂಕೇತಸಂಖ್ಯೆ ಕೊಡಿ, ಶಿಕ್ಷಕರನ್ನು ಹೊರಗೆ ಕಳುಹಿಸಿ. ಕೂರುವ ಸಾಲನ್ನೂ ಬರೆಸಿಕೊಳ್ಳಿ.