ಮೈಸೂರಲ್ಲಿ ಮನೆ: 1.15 ಕೋಟಿ ಹೇಳುತ್ತಿದ್ದಾರೆ, ನಾವು ಎಷ್ಟಕ್ಕೆ ಕೇಳೋದು?

ಬಾಡಿಗೆಮನೆ_ಸಾಕಾಯ್ತು

ಎಲ್ಲರಿಗೂ ನಮಸ್ಕಾರ. ಹತ್ತು ತಿಂಗಳಿಂದ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆದಿದೆ. ಕೊನೆಗೂ ದಟ್ಟಗಳ್ಳಿಯಲ್ಲಿ ಒಂದು ಮನೆ ನನಗೂ ನನ್ನ ಹೆಂಡತಿಗೂ ಇಷ್ಟ ಆಗಿದೆ. 30-40 ಸೈಟು, ಪೂರ್ವದ ಬಾಗಿಲು, ಕೆಳಗೆ ಎರಡು ಬೆಡ್‌ರೂಮು, ಮೇಲೊಂದು ರೂಮು, ಒಟ್ಟು 1,400 ಚದರಡಿ ಕಟ್ಟಡ. ಕಟ್ಟಿ 18 ವರ್ಷ. ಮಾಲೀಕರು ನಿವೃತ್ತ ಮೇಷ್ಟ್ರು, ಮಗನ ಹತ್ತಿರ ಪುಣೆಗೆ ಹೋಗುತ್ತಾರಂತೆ.

ಹೇಳುತ್ತಿರುವುದು 1 ಕೋಟಿ 15 ಲಕ್ಷ. "ಕೂತು ಮಾತಾಡೋಣ ಸಾರ್, ಒಂಚೂರು ಹಿಂದೆಮುಂದೆ ಆಗುತ್ತೆ" ಅಂತಾನೆ ಬ್ರೋಕರ್. ಆ ಒಂಚೂರು ಎಷ್ಟು ಅನ್ನೋದೇ ನನ್ನ ಪ್ರಶ್ನೆ. ನಮ್ಮ ಮಾವ 80ಕ್ಕೆ ಕೇಳು ಅಂತಾರೆ. ಎರಡು ಸಲ ಹೋದಾಗಲೂ ಮೇಷ್ಟ್ರ ಮನೆಯ ಅಮ್ಮ ಕಾಫಿ, ಕೋಡುಬಳೆ ಕೊಟ್ಟು ಕೂರಿಸಿದ್ದಾರೆ, ಅವರ ಎದುರು 80 ಅನ್ನೋಕೆ ನನಗಂತೂ ಬಾಯಿ ಬರಲ್ಲ. ಹಾಗಂತ ಟೋಪಿ ಹಾಕಿಸಿಕೊಳ್ಳೋಕೂ ಇಷ್ಟ ಇಲ್ಲ. ಕೈಯಲ್ಲಿ 30 ಲಕ್ಷ ಇದೆ, ಮಿಕ್ಕಿದ್ದು ಸಾಲ.

ಗಾರೆಕೆಲಸ

ಸಾರ್, ಮೊದಲು ಆ 1.15 ಅನ್ನೋದನ್ನ ತಲೆಯಿಂದ ತೆಗೆದುಹಾಕಿ. ಅದರಿಂದ ಇಳಿಯುತ್ತಾ ಹೋದರೆ 1.05ಕ್ಕೆ ಬಂದಾಗಲೇ ಗೆದ್ದೆ ಅನ್ನಿಸುತ್ತೆ. ಕೆಳಗಿನಿಂದ ಲೆಕ್ಕ ಹಾಕಿ.

ಸೈಟಿಗೆ ಬೇರೆ, ಕಟ್ಟಡಕ್ಕೆ ಬೇರೆ. ಅದೇ ಬಡಾವಣೆಯಲ್ಲಿ ಈ ವರ್ಷ ಖಾಲಿ ಸೈಟು ಎಷ್ಟಕ್ಕೆ ಹೋಗಿದೆ ಅಂತ ಕೇಳಿ. ಜಾಹೀರಾತಿನ ರೇಟಲ್ಲ, ನಿಜವಾಗಿ ಕೈ ಬದಲಾಗಿದ್ದು. ಬ್ರೋಕರ್‌ನ ಕೇಳಬೇಡಿ. ಮೂಲೆಯ ಇಸ್ತ್ರಿ ಅಂಗಡಿಯವರಿಗೆ, ಅಲ್ಲೇ ಮನೆ ಕಟ್ಟಿಸುತ್ತಿರೋರಿಗೆ ಜಾಸ್ತಿ ಗೊತ್ತಿರುತ್ತೆ. ಚದರಡಿಗೆ 6,000 ಅಂತ ತಿಳಿಯಿತು ಅಂದುಕೊಳ್ಳಿ, 1,200 ಅಡಿಗೆ 72 ಲಕ್ಷ ಆಯ್ತು. ಕಟ್ಟಡ ಇವತ್ತು ಹೊಸದಾಗಿ ಕಟ್ಟಿದರೆ ಅಡಿಗೆ 2,200 ಹಿಡಿಯಿರಿ, 1,400 ಅಡಿಗೆ ಹತ್ತಿರ ಹತ್ತಿರ 31 ಲಕ್ಷ. ಅದಕ್ಕೆ 18 ವರ್ಷ ವಯಸ್ಸಾಗಿದೆಯಲ್ಲ, ಮೂರರಲ್ಲಿ ಒಂದು ಪಾಲು ಕಳೆಯಿರಿ. 21 ಉಳಿಯಿತು. ಎಲ್ಲಾ ಸೇರಿ 93. ಈ ರೇಟುಗಳು ನನ್ನ ಅಂದಾಜು, ನಿಮ್ಮ ಬೀದಿಯ ರೇಟು ಹಾಕಿ ಮತ್ತೆ ಗುಣಿಸಿ.

ಇನ್ನೊಂದು ವಿಷಯ. ಬ್ರೋಕರ್ ಇಲ್ಲದೆ ಒಂದು ಸಲ ಹೋಗಿ ನೋಡಿ. ಬಾತ್‌ರೂಮಿನ ಗೋಡೆಯ ಆಚೆ ಬದಿ ಕೈಯಿಟ್ಟು ನೋಡಿ, ತಣ್ಣಗೆ ಅಂಟಂಟಾಗಿದ್ದರೆ ಒಳಗೆ ಪೈಪು ಸೋರುತ್ತಿದೆ. ಒಂದು ಮೂಲೆಗೆ ಮಾತ್ರ ಹೊಸ ಪೇಂಟು ಬಳಿದಿದ್ದರೆ ಯಾಕೆ ಅಂತ ಕೇಳಿ. ಸಂಪಿನ ಮುಚ್ಚಳ ತೆಗೆಸಿ. ಇಂಥದ್ದು ಸಿಕ್ಕರೆ ಜಗಳ ಆಡಬೇಕಿಲ್ಲ, "ಇದಕ್ಕೆ ಇಷ್ಟು ಖರ್ಚು ಬರುತ್ತೆ ಸಾರ್" ಅಂತ ಅಂಕಿ ಮುಂದಿಟ್ಟರೆ ಸಾಕು. 80 ಅಂತ ಸುಮ್ನೆ ಕೇಳಿದರೆ ಅವಮಾನ. ಲೆಕ್ಕ ತೋರಿಸಿ 86 ಅಂದರೆ ಅವಮಾನ ಅಲ್ಲ. ಮೇಷ್ಟ್ರು ಬೇರೆ, ಲೆಕ್ಕ ಅರ್ಥ ಆಗುತ್ತೆ.

ಸಾಲದ_ಸಹವಾಸ

ಮೇಲಿನವರ ಲೆಕ್ಕ ಸರಿ, ಆದರೆ ಮನೆಯ ಬೆಲೆ ಬೇರೆ, ನಿಮ್ಮ ಮಿತಿ ಬೇರೆ. 30 ಲಕ್ಷದಲ್ಲಿ ಎಷ್ಟು ಆಟ ಆಡಬಹುದು ಅಂತ ನೋಡಿ.

ಸಾಲ 30ರಿಂದ 75 ಲಕ್ಷದ ಒಳಗಿದ್ದರೆ ಬ್ಯಾಂಕು ಕೊಡೋದು ಬೆಲೆಯ ಶೇ 80ರವರೆಗೆ, ಅದಕ್ಕೂ ಮೇಲೆ ಹೋದರೆ ಶೇ 75. ಇದು ಆರ್‌ಬಿಐ ನಿಯಮ. ಬೆಲೆ ಅಂದರೆ ನೀವು ಒಪ್ಪಿಕೊಂಡಿದ್ದಲ್ಲ, ಬ್ಯಾಂಕಿನ ವ್ಯಾಲ್ಯುಯರ್ (ಬೆಲೆ ಅಂದಾಜು ಮಾಡೋರು) ಹೇಳಿದ್ದು ಕಮ್ಮಿ ಇದ್ದರೆ ಅದೇ. ನೀವು 95ಕ್ಕೆ ಒಪ್ಪಿ ಅವರು 90 ಕಟ್ಟಿದರೆ ಸಾಲ 72. ಉಳಿದ 23 ಕೈಯಿಂದ.

ಮೇಲೆ ನೋಂದಣಿ. 45 ಲಕ್ಷ ದಾಟಿದರೆ ಮುದ್ರಾಂಕ ಶುಲ್ಕ ಶೇ 5, ಸೆಸ್ಸು ಸರ್ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6. ಅಂದರೆ 95ಕ್ಕೆ 7 ಲಕ್ಷ 22 ಸಾವಿರ. ಇಲ್ಲಿಗೇ 30 ದಾಟಿತು! ಬ್ರೋಕರ್ ಕಮಿಷನ್, ವಕೀಲರ ಫೀಸು, ಗೃಹಪ್ರವೇಶದ ಊಟ ಇನ್ನೂ ಬಾಕಿ. ನನ್ನ ಪ್ರಕಾರ ನಿಮ್ಮ ಮಿತಿ 92. ಅದನ್ನ ಚೀಟಿಯಲ್ಲಿ ಬರೆದು ಹೆಂಡತಿ ಕೈಗೆ ಕೊಟ್ಟುಬಿಡಿ.

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್ (ಮೊದಲೇ ಹಿಡಿಯೋ ಆದಾಯ ತೆರಿಗೆ) ಹಿಡಿದು ಕಟ್ಟೋದು ಕೊಳ್ಳುವವರ ಕೆಲಸ. ಇದು ಮಾರುವವರ ದುಡ್ಡಿನಿಂದಲೇ ಹೋಗೋದು, ಆದರೂ ಮೊದಲೇ ಹೇಳಿಬಿಡಿ.

ಅನುಭವಸ್ಥೆ

ನನ್ನ ಕಥೆ ಕೇಳಿ. ನಾವು ಮನೆ ತಗೊಂಡಾಗ ಇನ್ನೊಂದು ಪಾರ್ಟಿ ಟೋಕನ್ (ಮುಂಗಡ) ಹಿಡಿದು ನಿಂತಿದೆ ಅಂತ ಬ್ರೋಕರ್ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದ. ನಮ್ಮ ಯಜಮಾನರು ಗಾಬರಿಯಲ್ಲಿ 4 ಲಕ್ಷ ಏರಿಸಿಬಿಟ್ಟರು. ಗೃಹಪ್ರವೇಶಕ್ಕೆ ಬಂದ ಪಕ್ಕದ ಮನೆ ಆಂಟಿ, "ಅಯ್ಯೋ, ಒಂದೂವರೆ ವರ್ಷದಿಂದ ಯಾರೂ ಈ ಕಡೆ ತಲೆ ಹಾಕಿರಲಿಲ್ಲ ಕಣಮ್ಮ" ಅಂದರು. ಆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಹಾಗಾಗಿ ಪಕ್ಕದ ಮನೆಯವರನ್ನ ಮೊದಲೇ ಮಾತಾಡಿಸಿ.

ಅರ್ಧ ಬ್ಲ್ಯಾಕಲ್ಲಿ ಕೊಡಿ, ಬೆಲೆ ಇಳಿಸುತ್ತೇವೆ ಅಂದರೆ ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಜಾಸ್ತಿ ನಗದು ತಗೊಳ್ಳೋ ಹಾಗಿಲ್ಲ, ತಗೊಂಡವರಿಗೆ ಅಷ್ಟೇ ಮೊತ್ತದ ದಂಡ. ನಿಮಗೂ ಕಾಗದದ ಮೇಲೆ ಬೆಲೆ ಇಳಿದಷ್ಟೂ ಸಾಲ ಇಳಿಯುತ್ತೆ.

ಆಮೇಲೆ, ಆಷಾಢದಲ್ಲಿ ಕೇಳಿ. ಕೊಳ್ಳೋರು ಯಾರೂ ಬರಲ್ಲ, ಮಾತು ಮೆತ್ತಗಿರುತ್ತೆ. ಅಗ್ರಿಮೆಂಟು ಶ್ರಾವಣದಲ್ಲಿ ಮಾಡಿಕೊಂಡರಾಯ್ತು.

ಗಾರೆಕೆಲಸ

ಆಷಾಢದ ಮಾತು ನಿಜ 😄 ಕಾಗದ ನೋಡದೆ ಟೋಕನ್ ಮಾತ್ರ ಕೊಡಬೇಡಿ. ಇ-ಖಾತಾ, ಮೂಲ ಪತ್ರ, ಇಸಿ (ಆಸ್ತಿ ಮೇಲೆ ನೋಂದಣಿಯಾದ ಸಾಲ, ಮಾರಾಟ ಎಲ್ಲಾ ತೋರಿಸೋ ಪತ್ರ). ಸರ್ಕಾರದ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನ ಇಸಿ ಸಿಗುತ್ತೆ, ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಅಲೆಯಬೇಕು. ಬೆಲೆ ಹೇಳುವಾಗಲೇ "ಕಾಗದ ಸರಿ ಇದ್ದರೆ" ಅಂತ ಸೇರಿಸಿ ಹೇಳಿ.

ಬಾಡಿಗೆಮನೆ_ಸಾಕಾಯ್ತು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬ್ರೋಕರ್‌ಗೆ ಹೇಳದೆ ಹೋಗಿದ್ದೆವು. ಮೇಲಿನ ರೂಮಿನ ತಾರಸಿಯಲ್ಲಿ ತಟ್ಟೆಯಗಲ ಹೊಸ ಪೇಂಟು ಇತ್ತು. ನಾನು ಕೇಳೋ ಮೊದಲೇ ಮೇಷ್ಟ್ರು, "ಹೋದ ಮಳೆಗಾಲ ಸೋರಿತ್ತು" ಅಂದುಬಿಟ್ಟರು. ಮನುಷ್ಯ ಒಳ್ಳೆಯವರು. ಇಸ್ತ್ರಿ ಅಂಗಡಿಯಲ್ಲಿ ಸೈಟಿನ ರೇಟು 5,800 ಅಂತ ಗೊತ್ತಾಯಿತು. ಲೆಕ್ಕದ ಹಾಳೆ ಮುಂದಿಟ್ಟು 86 ಅಂದೆ. ಅಮ್ಮನ ಮುಖ ಸಪ್ಪೆ ಆಯಿತು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಹಾಳೆಯನ್ನ ಎರಡು ಸಲ ಓದಿ, ಕಟ್ಟಡಕ್ಕೆ ಜಾಸ್ತಿ ಕಳೆದಿದ್ದೀರಿ, ಕಿಟಕಿ ಬಾಗಿಲೆಲ್ಲಾ ತೇಗದ್ದು ಅಂದರು. ಅದು ನಿಜಾನೇ. ಕೊನೆಗೆ 97ಕ್ಕೆ ಬಂದರು, ನಾನು 90ಕ್ಕೆ ಹೋಗಿ ನಿಂತೆ. ಮಗನ ಹತ್ತಿರ ಮಾತಾಡಿ ಹೇಳುತ್ತೇವೆ ಅಂದಿದ್ದಾರೆ. ಚೀಟಿಯಲ್ಲಿ 92 ಇದೆ. ಮೂರು ದಿನ ಆಯಿತು, ಫೋನ್ ಬಂದಿಲ್ಲ. ನಾನೇ ಮಾಡಲಾ?

ಅನುಭವಸ್ಥೆ

ಬೇಡ. ಮುಂದಿನ ಭಾನುವಾರದವರೆಗೆ ತಡೆದುಕೊಳ್ಳಿ. ಬ್ರೋಕರ್ ರಾತ್ರಿ ಫೋನ್ ಮಾಡಿದರೆ ಎತ್ತಬೇಡಿ.